ಹಾಲು ಕರೆಯುವ ಹೊತ್ತು

ಮೆಕ್ಸಿಕೋ ನಗರಕ್ಕೆ ಬಂದು ಒಂದು ವಾರವಾಗಿತ್ತು. ಆ ಊರಿನ ಸಂಜೆಯನ್ನು ಮಾತ್ರ ಆರ್ಡಿಸ್ ಒಮ್ಮೆಯೂ ನೋಡಿರಲಿಲ್ಲ. ಇದು ಅವಳಿಗೆ ಹೊಳೆದದ್ದು ಕೊನೆಯ ದಿನದ ಬೆಳಗಿನ ಜಾವ, ಹೋಟೆಲಿನ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದಾಗ.

ಪಕ್ಕದಲ್ಲಿ ಡೆಲ್ಮರ್‌ಗೂ ಎಚ್ಚರವಾಗಿತ್ತು. ಉಸಿರಿನಿಂದಲೇ ಅವಳಿಗೆ ಗೊತ್ತಾಗುತ್ತಿತ್ತು. ನಲವತ್ತು ವರ್ಷ ವಿಸ್ಕಾನ್ಸಿನ್ನಿನ ಚಳಿಯಲ್ಲಿ, ಇನ್ನೂ ಕತ್ತಲಿರುವಾಗಲೇ ಎದ್ದು ಕೊಟ್ಟಿಗೆಗೆ ನಡೆದ ಮೈಗಳು ಅವು. ಹಸುಗಳನ್ನೆಲ್ಲ ಮಾರಿದ್ದು ಕಳೆದ ವಸಂತದಲ್ಲಿ. ಲಾರಿಗಳು ಬಂದು ಹೋದವು, ಕೊಟ್ಟಿಗೆ ತೊಳೆದದ್ದಾಯಿತು, ಬಾಗಿಲು ಹಾಕಿದ್ದಾಯಿತು. ಸುದ್ದಿ ಮಾತ್ರ ಇವರ ಮೈಗೆ ಇನ್ನೂ ಮುಟ್ಟಿರಲಿಲ್ಲ.

ಆರ್ಡಿಸ್ ವಾರವನ್ನು ಹಿಂದಕ್ಕೆ ತಿರುವಿ ನೋಡಿದಳು. ಮೊದಲ ದಿನ ಊರ ನಡುವಿನ ದೊಡ್ಡ ಚೌಕದಲ್ಲಿ ಡೆಲ್ಮರ್‌ಗೆ ಹೊಸ ಬೂಟು ಕಚ್ಚಿತು, ವಾಪಸಾದರು. ಮರುದಿನ ಪಿರಮಿಡ್ಡಿನ ಬುಡದಲ್ಲಿ ನಿಂತು ಮೋಡ ನೋಡಿ, ಮಳೆ ಬರುತ್ತೆ ಅಂದ. ಬರಲಿಲ್ಲ. ಆಮೇಲೊಂದು ದಿನ ಹೊಟ್ಟೆ ಸರಿಯಿಲ್ಲ, ಇನ್ನೊಂದು ದಿನ ಕ್ಯಾಮೆರಾದ ಬ್ಯಾಟರಿ ಮುಗಿಯಿತು. ಎಲ್ಲವೂ ಮಧ್ಯಾಹ್ನ ಇಳಿಯುವ ಹೊತ್ತಿಗೇ, ಊರಲ್ಲಾದರೆ ಸಂಜೆಯ ಹಾಲು ಕರೆಯಲು ಏಳುವ ಹೊತ್ತಿಗೇ. ರೂಮಿಗೆ ಬಂದು ಬೂಟು ಬಿಚ್ಚಿ, ಮೊಣಕೈವರೆಗೂ ಕೈ ತೊಳೆದು, ಆಮೇಲೆ ಏನು ಮಾಡುವುದೆಂದು ತೋಚದೆ ಇಬ್ಬರೂ ಹಾಸಿಗೆಯ ಎರಡು ಅಂಚಿಗೆ ಕೂರುತ್ತಿದ್ದರು. ಕಿಟಕಿಯ ಹೊರಗೆ ಕತ್ತಲಾದ ಮೇಲೆ ಎಲ್ಲ ಸರಿಹೋಗುತ್ತಿತ್ತು. ಕೆಳಗಿನ ಊಟದ ಕೋಣೆಯಲ್ಲಿ ಸೂಪು ಕುಡಿದು ಮಲಗುತ್ತಿದ್ದರು. ಅಷ್ಟು ದೂರ ವಿಮಾನದಲ್ಲಿ ಬಂದರೂ ಗಡಿಯಾರದ ಮುಳ್ಳು ಬದಲಾಗಿರಲಿಲ್ಲ. ಅಲ್ಲಿ ಯಾವ ಹೊತ್ತೋ ಇಲ್ಲೂ ಅದೇ ಹೊತ್ತು.

ಎಲ್ಲವನ್ನೂ ಗಂಡನ ತಲೆಗೆ ಕಟ್ಟಿ ಮಗ್ಗುಲು ಬದಲಿಸಬಹುದಿತ್ತು. ಆದರೆ ಮೊನ್ನೆ ವಸ್ತುಸಂಗ್ರಹಾಲಯದಲ್ಲಿ ಡೆಲ್ಮರ್ ಒಂದು ದೊಡ್ಡ ಕಲ್ಲಿನ ಮುಂದೆ ಆರಾಮಾಗಿ ಕೂತಿದ್ದ. ಅಲ್ಲಿ ಕಿಟಕಿ ಇರಲಿಲ್ಲ, ಬಿಸಿಲು ಇಳಿದದ್ದು ಅವನಿಗೆ ಕಾಣಲಿಲ್ಲ. ತಲೆನೋವು ಎಂದು ಎಬ್ಬಿಸಿಕೊಂಡು ಬಂದವಳು ಇವಳೇ. ತಲೆ ನೋಯುತ್ತಿರಲಿಲ್ಲ. ಅಂಗೈ ಕಡಿಯುತ್ತಿತ್ತು. ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತಿದ್ದವು.

ಅದು ನೆನಪಾದಾಗ ಅವಳಿಗೆ ಹೆದರಿಕೆಯಾಯಿತು. ಏಕೆಂದರೆ ಬಂದ ಎರಡನೆಯ ರಾತ್ರಿ ಡೆಲ್ಮರ್ ಒಂದು ಮಾತು ಹೇಳಿದ್ದ. ಪಕ್ಕದ ತೋಟದ ಆರ್ವಿಲ್ ತನ್ನ ಗಬ್ಬದ ಕಡಸುಗಳನ್ನು ಕೊಡುತ್ತಾನಂತೆ. ಹನ್ನೆರಡೇ. ಸುಮ್ಮನೆ ಹೊತ್ತು ಹೋಗಲಿಕ್ಕೆ. ಊರಿಗೆ ಹೋದ ಕೂಡಲೇ ಉತ್ತರ ಹೇಳಬೇಕು. ಆಗ ಆರ್ಡಿಸ್, "ನೋಡೋಣ" ಅಂದಿದ್ದಳು. ಜೀವಮಾನವೆಲ್ಲ ಅವಳು ಹಾಗೇ ಅನ್ನುತ್ತಾ ಬಂದವಳು. ಅವಳ 'ನೋಡೋಣ' ಅನ್ನುವುದನ್ನು ಡೆಲ್ಮರ್ 'ಹೂಂ' ಎಂದೇ ತಿಳಿಯುತ್ತಿದ್ದ. ಹೆಚ್ಚಿನ ಸಲ ಅವನು ತಿಳಿದದ್ದು ಸರಿಯಾಗಿಯೇ ಇರುತ್ತಿತ್ತು.

ಹನ್ನೆರಡು ಕಡಸು ಅಂದರೆ ಹನ್ನೆರಡು ಕೆಚ್ಚಲು, ದಿನಕ್ಕೆ ಎರಡು ಸಲ. ಡೆಲ್ಮರ್‌ನ ಮೊಣಕಾಲು ಬದಲಿಸಿದ್ದಾಗಿದೆ, ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುವ ಯಂತ್ರ ಹಾಕುವುದು ಅವನಿಂದ ಆಗದು. ಕೂರಬೇಕಾದವಳು ಇವಳು, ರಾತ್ರಿಯೆಲ್ಲ ಜುಮುಗುಟ್ಟುವ ಈ ಮಣಿಕಟ್ಟುಗಳನ್ನು ಇಟ್ಟುಕೊಂಡು.

ಒಂದೇ ಒಂದು ಸಂಜೆ ಹೊರಗೆ ನಿಲ್ಲಲಾಗದಿದ್ದರೆ ಆ ಕಡಸುಗಳು ಬಂದೇ ಬರುತ್ತವೆ ಎಂದು ಅವಳಿಗೆ ಖಚಿತವಾಯಿತು. ಉಳಿದಿರುವುದು ಇವತ್ತಿನ ಸಂಜೆ ಮಾತ್ರ.

"ಎದ್ದಿದ್ದೀಯಾ?" ಡೆಲ್ಮರ್ ಕೇಳಿದ.

"ಹೂಂ."

"ಇವತ್ತೊಂದು ದಿನ ಕಳೆದ್ರೆ ಆಯ್ತು." ಅವನ ದನಿಯಲ್ಲಿ ಮನೆ ಹತ್ತಿರವಾದ ನೆಮ್ಮದಿಯಿತ್ತು. "ಇವತ್ತೇನಿದೆ?"

"ದೋಣಿ. ಸೋಚಿಮಿಲ್ಕೊ. ಮಾರಿಸೆಲಾ ಹೇಳ್ತಿದ್ದಳಲ್ಲ."

"ಹಂಗಾದ್ರೆ ಬೆಳಗ್ಗೇನೇ ಹೋಗಿ ಬಂದ್ಬಿಡೋಣ, ಬಿಸಿಲು ಏರೋಕೆ ಮುಂಚೆ."

"ಬೆಳಗ್ಗೆ ಮಾರ್ಕೆಟ್ಟು. ಕಿರ್ಸ್ಟನ್‌ಗೆ ಏನಾದ್ರೂ ತಗೋಬೇಕು. ದೋಣಿ ಮಧ್ಯಾಹ್ನದ ಮೇಲೆ."

ಅವನು ಅವಳ ಕಡೆ ಹೊರಳಿದ. "ಮಧ್ಯಾಹ್ನದ ಮೇಲೆ ಆದ್ರೆ ಲೇಟಾಗಲ್ವಾ?"

"ಯಾವುದಕ್ಕೆ ಲೇಟು ಡೆಲ್ಮರ್?"

ಅವನು ಎದ್ದು ಕತ್ತಲಲ್ಲೇ ಬೂಟು ಹುಡುಕಿದ. ಸಿಗಲಿಲ್ಲ.

ಮಾರಿಸೆಲಾ ಅವರ ಕೊಟ್ಟಿಗೆಯಲ್ಲಿ ಎಂಟು ಚಳಿಗಾಲ ಆರ್ಡಿಸ್‌ಳ ಜೊತೆ ಹಾಲು ಕರೆದವಳು. ಹಸುಗಳು ಹೋದ ಮೇಲೆ ಬೇರೊಂದು ಊರಿನ ಚೀಸ್ ಕಾರ್ಖಾನೆಗೆ ಸೇರಿಕೊಂಡಿದ್ದಳು. ಹುಟ್ಟಿ ಬೆಳೆದದ್ದು ಈ ನಗರದ ದಕ್ಷಿಣದಲ್ಲಿ, ಕಾಲುವೆಗಳಿರುವ ಕಡೆ. ಹೊರಗೆ ಹಿಮ ಬೀಳುತ್ತಿರುವಾಗ, ಎರಡು ಹಸುಗಳ ನಡುವೆ ಕೂತು ಅವಳು ಹೇಳುತ್ತಿದ್ದಳು: "ಕಾಲುವೇನ ಹಗಲು ನೋಡ್ಬಾರ್ದು ಸೆನ್ಯೋರಾ. ದೀಪ ಹಚ್ಚಿದ ಮೇಲೆ ನೋಡ್ಬೇಕು. ದೋಣಿ ಕಾಣಲ್ಲ, ಬರೀ ದೀಪ ತೇಲ್ಕೊಂಡು ಬರುತ್ತೆ, ಜೊತೆಗೆ ಹಾಡು." ಆರ್ಡಿಸ್ ಆಗ ನಕ್ಕಿದ್ದಳು. ದೀಪ ಹಚ್ಚುವ ಹೊತ್ತನ್ನು ಅವಳು ಬಲ್ಲದ್ದು ಕೊಟ್ಟಿಗೆಯ ಬಲ್ಬಿನಿಂದ ಮಾತ್ರ. ಮಗಳು ಕಿರ್ಸ್ಟನ್‌ಳ ಮದುವೆಯ ದಿನವೂ ಕೇಕು ಕತ್ತರಿಸಿದ ಕೂಡಲೇ ಆರ್ಡಿಸ್, ಡೆಲ್ಮರ್ ಇಬ್ಬರೂ ಹೊರಟು, ಬಟ್ಟೆ ಬದಲಿಸಿ, ಹಾಲು ಕರೆದು, ಒದ್ದೆ ತಲೆಯಲ್ಲಿ ವಾಪಸು ಬಂದಾಗ ಕುಣಿತ ಮುಗಿದಿತ್ತು. ಕುರ್ಚಿಗಳನ್ನು ಮಡಚಿಡುತ್ತಿದ್ದರು. ಅಮ್ಮನ ಜೊತೆ ಒಂದು ಪೋಲ್ಕಾ ಕುಣಿಯಬೇಕೆಂದು ಕಾದು ಕಾದು ಮಗಳು ಬೂಟು ಬಿಚ್ಚಿ ಕೂತಿದ್ದಳು. ಏನೂ ಅನ್ನಲಿಲ್ಲ ಅವಳು. ಹಸು ಸಾಕಿದ ಮನೆಯ ಮಗಳು, ಏನಂದಾಳು?

ಮಾರ್ಕೆಟ್ಟಿನಲ್ಲಿ ಡೆಲ್ಮರ್ ಒಳ್ಳೆಯ ಲಹರಿಯಲ್ಲಿದ್ದ. ಚೀಸ್ ಅಂಗಡಿಯೊಂದರ ಮುಂದೆ ನಿಂತು ಬಿಳಿ ಚೀಸನ್ನು ಬೆರಳಲ್ಲಿ ಒತ್ತಿ, ಅಂಗಡಿಯವಳು ಕಣ್ಣು ಬಿಟ್ಟಾಗ ಟೋಪಿ ತೆಗೆದು ಕ್ಷಮೆ ಕೇಳಿದ. "ಉಪ್ಪು ಜಾಸ್ತಿ," ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ.

"ರುಚೀನೇ ನೋಡಿಲ್ಲ ನೀನು."

"ಒತ್ತಿದ್ರೆ ಗೊತ್ತಾಗುತ್ತೆ."

"ಒತ್ತಿದ್ರೆ ಉಪ್ಪು ಗೊತ್ತಾಗುತ್ತಂತೆ! ನಿನ್ನ ಬೆರಳಿಗೆ ನಾಲಿಗೆ ಇದೆಯಾ?"

ಅವನು ನಕ್ಕ. ಕಿರ್ಸ್ಟನ್‌ಗೆ ಕಸೂತಿಯ ಮೇಜುಬಟ್ಟೆ ಕೊಂಡಾಗ ಚೀಲ ತಾನೇ ಹೊತ್ತ. ಕೆಟ್ಟ ಗಂಡನಲ್ಲ ಅವನು, ಯಾವತ್ತೂ ಆಗಿರಲಿಲ್ಲ. ಕೆಟ್ಟವನಾಗಿದ್ದರೆ ಬೇಡ ಅನ್ನುವುದು ಸುಲಭವಿತ್ತು.

ಊಟಕ್ಕೆ ಕೂತಾಗ ಆರ್ಡಿಸ್ ನಿಧಾನ ಮಾಡಿದಳು. ಸೂಪಿನಲ್ಲಿ ನೆನೆದ ರೊಟ್ಟಿಯ ಚೂರುಗಳನ್ನು ಒಂದೊಂದಾಗಿ ಎತ್ತಿ ತಿಂದಳು, ಕಾಫಿ ತರಿಸಿದಳು, ಅದು ಆರುವ ತನಕ ಕಾದಳು. ಡೆಲ್ಮರ್ ಎರಡು ಸಲ ಎದ್ದು ಬಾಗಿಲಿಗೆ ಹೋಗಿ ಆಕಾಶ ನೋಡಿ ಬಂದ. ಟ್ಯಾಕ್ಸಿ ಹತ್ತಿ ದಕ್ಷಿಣಕ್ಕೆ ಹೊರಟರೆ ದಾರಿಯುದ್ದಕ್ಕೂ ವಾಹನಗಳ ಸಾಲು. ಇರುವೆ ಸಾಲಿನ ಹಾಗೆ ತೆವಳುತ್ತಾ ಕಾಲುವೆಯ ದಡ ಮುಟ್ಟುವಷ್ಟರಲ್ಲಿ ನೆರಳುಗಳು ಉದ್ದವಾಗಿದ್ದವು. ಆರ್ಡಿಸ್‌ಗೆ ಬೇಕಾಗಿದ್ದುದೂ ಅದೇ.

ದಡದಲ್ಲಿ ಕೆಂಪು, ಹಳದಿ, ನೀಲಿ ಬಣ್ಣ ಬಳಿದ ಚಪ್ಪಟೆ ದೋಣಿಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಫಿದೆನ್ಸಿಯೋ ಎಂಬ ನಡುವಯಸ್ಸಿನ ದೋಣಿಯವನು ಉದ್ದನೆ ಗಳ ಹಿಡಿದು ಮುಂದೆ ಬಂದ. ಆರ್ಡಿಸ್‌ಳಿಗೆ ಬರುತ್ತಿದ್ದ ಸ್ಪ್ಯಾನಿಷ್ ಎಲ್ಲ ಕೊಟ್ಟಿಗೆಯದು, ಮಾರಿಸೆಲಾ ಹಸುಗಳ ಹತ್ತಿರ ಆಡುತ್ತಿದ್ದುದನ್ನು ಕೇಳಿ ಕಲಿತದ್ದು. ಅವಳು ಇದ್ದುದರಲ್ಲೇ ಹುಡುಕಿ, "ನಿಧಾನ ಹೋಗು, ನನ್ನ ಬಂಗಾರಿ, ಒದೀಬೇಡ," ಅಂದಳು.

ಫಿದೆನ್ಸಿಯೋ ಗಳ ಊರಿಕೊಂಡು ಹೊಟ್ಟೆ ಕುಲುಕಿಸಿ ನಕ್ಕ. "ಇಷ್ಟು ಪ್ರೀತಿಯಿಂದ ನನ್ನ ಹೆಂಡ್ತೀನೂ ಮಾತಾಡ್ಸಿಲ್ಲ ಸೆನ್ಯೋರಾ. ಎಲ್ಲಿವರೆಗೂ ಹೋಗೋಣ?"

"ದೀಪ ಹಚ್ಚೋವರೆಗೂ."

"ಏನಂದೆ ಅವನಿಗೆ?" ಡೆಲ್ಮರ್ ಕೇಳಿದ.

"ನಿಧಾನ ಹೋಗು ಅಂದೆ."

ದೋಣಿ ಅಗಲವಾದ ಕಾಲುವೆ ಬಿಟ್ಟು ಕಿರಿದಾದ ಒಂದಕ್ಕೆ ತಿರುಗಿತು. ಎರಡೂ ಕಡೆ ನೀರಿನ ನಡುವೆ ದ್ವೀಪಗಳಂಥ ತೋಟಗಳು, ಅವುಗಳ ಅಂಚಿಗೆ ನೆಟ್ಟಗೆ ನಿಂತ ತೆಳ್ಳನೆ ಮರಗಳು. ಚೆಂಡುಹೂವಿಟ್ಟು ಹಿರಿಯರನ್ನು ನೆನೆಯುವ ಸತ್ತವರ ಹಬ್ಬ ಆಗಷ್ಟೇ ಮುಗಿದಿತ್ತು. ಕೊಯ್ಯದೆ ಉಳಿದ ಚೆಂಡುಹೂಗಳು ಗಿಡದಲ್ಲೇ ಬಾಡುತ್ತಿದ್ದವು. ಡೆಲ್ಮರ್ ಬೆಂಚಿನ ತುದಿಗೆ ಕೂತು ತೊಡೆಯ ಮೇಲೆ ಬೆರಳು ಬಡಿಯುತ್ತಿದ್ದ. ಆರ್ಡಿಸ್ ತನ್ನ ಕೈಗಳನ್ನು ನೋಡಿಕೊಂಡಳು. ಅವೂ ಶುರುಮಾಡಿದ್ದವು. ಮಡಿಲಿನಲ್ಲಿ ಒಂದರ ಮೇಲೊಂದು ಇಟ್ಟು ಒತ್ತಿ ಹಿಡಿದಳು.

"ನಾಳೆ ಆರ್ವಿಲ್‌ಗೆ ಹೇಳ್ಬೇಕಲ್ಲ," ಅವನು ಅಂದ.

"ಏನಂತ?"

"ತಗೋತೀವಿ ಅಂತ. ಹನ್ನೆರಡೇ ತಾನೆ. ಅದೇನು ಲೆಕ್ಕವಾ ನಮಗೆ?"

"ಯಂತ್ರ ಯಾರು ಹಾಕ್ತಾರೆ?"

"ಇಬ್ರೂ ಸೇರಿ."

"ನಿನ್ನ ಮೊಣಕಾಲು ಬಗ್ಗುತ್ತಾ?"

ಡೆಲ್ಮರ್ ಮೊಣಕಾಲನ್ನು ಸವರಿಕೊಂಡ, ಅದನ್ನೇ ಕೇಳಿ ಹೇಳುವವನ ಹಾಗೆ.

"ಬೇಡ ಡೆಲ್ಮರ್," ಆರ್ಡಿಸ್ ಅಂದಳು.

"ನೋಡೋಣ ಅಂದಿದ್ದೆ ನೀನು."

"ನೋಡಿಯಾಯ್ತು. ಬೇಡ."

ಅವನು ಹೆಂಡತಿಯ ಕಡೆ ತಿರುಗಿದ. ಸಿಟ್ಟಿರಲಿಲ್ಲ ಆ ಮುಖದಲ್ಲಿ. ದಾರಿ ತಪ್ಪಿದವನ ಮುಖ ಅದು. "ಮತ್ತೆ ನಾನೇನು ಮಾಡ್ಲಿ ಹೇಳು. ಬೆಳಗ್ಗೆ ಎದ್ದು ಏನು ಮಾಡ್ಲಿ? ಕಿಟಕೀಲಿ ಕೂತು ರಸ್ತೆ ನೋಡ್ಲಾ? ನಿನಗೆ ಬೇಕಾದಷ್ಟಿದೆ. ಚರ್ಚಿನ ಹೆಂಗಸರು, ಹೊಲಿಗೆ, ತೋಟ. ನನಗೆ ಏನಿದೆ ಆರ್ಡಿಸ್?"

ಅವಳು ಬಾಯಿ ತೆರೆಯುವ ಮೊದಲೇ ಕಾಲುವೆಯ ತಿರುವಿನಾಚೆಯಿಂದ ಕೂಗು ಕೇಳಿಸಿತು.

ಹಸುವಿನ ಕೂಗು. ಹಸಿವಿನದಲ್ಲ, ಬೆದೆಯದಲ್ಲ, ಕರುವಿನ ನೆನಪಿನದೂ ಅಲ್ಲ. ಕೆಚ್ಚಲು ತುಂಬಿ ಬಿಗಿದಾಗ, ಯಾರಾದರೂ ಬನ್ನಿ ಎಂದು ಕೂಗುವ ಕೂಗು. ಅದು ಯಾವ ದೇಶದಲ್ಲಾದರೂ ಒಂದೇ. ಇಬ್ಬರೂ ಒಟ್ಟಿಗೆ ತಲೆಯೆತ್ತಿದರು.

ತಿರುವು ದಾಟಿದರೆ ಒಂದು ತೋಟದ ಅಂಚಿನಲ್ಲಿ, ಮರದ ಬುಡದಲ್ಲಿ, ಕಪ್ಪು ಬಿಳಿ ಬಣ್ಣದ ಹಸು. ಗೂಟಕ್ಕೆ ಕಟ್ಟಿತ್ತು. ಸುತ್ತ ಯಾರೂ ಇರಲಿಲ್ಲ. ಹಿಂಗಾಲುಗಳನ್ನು ಅಗಲಿಸಿ ನಿಂತು, ಕತ್ತು ನೀಡಿ ಇವರ ದೋಣಿಯ ಕಡೆಗೇ ಮತ್ತೊಮ್ಮೆ ಕೂಗಿತು.

ಡೆಲ್ಮರ್ ಎದ್ದು ನಿಂತ. ದೋಣಿ ಓಲಾಡಿತು. "ನೋಡು ಆ ಕೆಚ್ಚಲು. ಬೆಳಗ್ಗೆಯಿಂದ ಯಾರೂ ಮುಟ್ಟಿಲ್ಲ ಪಾಪದ್ದನ್ನ. ನಿಲ್ಸು ಅನ್ನು ಅವನಿಗೆ."

"ಅದು ನಮ್ಮ ಹಸು ಅಲ್ಲ."

"ಯಾರ ಹಸುವಾದ್ರೇನು? ಕೆಚ್ಚಲು ಬಾವು ಬಂದ್ರೆ ಆಮೇಲೆ?"

"ಡೆಲ್ಮರ್, ಕೂತ್ಕೋ. ಅದಕ್ಕೂ ಯಜಮಾನರಿದ್ದಾರೆ."

"ಎಲ್ಲಿದ್ದಾರೆ? ತೋರ್ಸು."

ಅವನು ಫಿದೆನ್ಸಿಯೋನ ಕಡೆ ಕೈಬೀಸಿ ದಡ ತೋರಿಸಿದ. ಫಿದೆನ್ಸಿಯೋ ಏನೋ ಅವಸರವಿರಬೇಕೆಂದುಕೊಂಡು ದೋಣಿಯನ್ನು ದಡಕ್ಕೆ ತಾಗಿಸಿದ. ಮೊಣಕಾಲು ಬದಲಿಸಿಕೊಂಡ ಮುದುಕ ಹುಡುಗನ ಹಾಗೆ ದಾಟಿದ. ಅಲ್ಲೇ ಬಿದ್ದಿದ್ದ ಒಂದು ಬಕೆಟ್ಟನ್ನು ಬೋರಲು ಹಾಕಿ ಕೂತ. ಬಗ್ಗದ ಕಾಲನ್ನು ಮುಂದಕ್ಕೆ ಚಾಚಿ, ಹಣೆಯನ್ನು ಹಸುವಿನ ಪಕ್ಕೆಗೆ ಒತ್ತಿದ. ಹಾಲಿನ ಮೊದಲ ಧಾರೆಗಳು ಸರ್ರೆಂದು ನೆಲಕ್ಕೆ ಬಿದ್ದವು. ಹಸು ಕೂಗು ನಿಲ್ಲಿಸಿತು.

ಆ ಸದ್ದು ಕೇಳಿದ್ದೇ ಆರ್ಡಿಸ್‌ಳ ಬೆರಳುಗಳು ಪೂರ್ತಿ ಮಡಚಿಕೊಂಡವು. ಎದ್ದು ಹೋಗಿ ಆ ಕಡೆಯಿಂದ ಕೂತುಬಿಟ್ಟರೆ ಇಬ್ಬರೂ ಸೇರಿ ಬೇಗ ಮುಗಿಸಬಹುದು. ನಲವತ್ತು ವರ್ಷ ಮಾಡಿದ್ದು ಅದನ್ನೇ. ಬೆಂಚಿನಿಂದ ಅವಳು ಅರ್ಧ ಎದ್ದಿದ್ದಳು ಕೂಡ.

ಮತ್ತೆ ಕೂತಳು.

"ಮುಂದೆ ಹೋಗು," ಎಂದು ಫಿದೆನ್ಸಿಯೋಗೆ ಹೇಳಿದಳು.

"ಸೆನ್ಯೋರ್?"

"ಇಲ್ಲೇ ಇರ್ತಾರೆ. ಬರುವಾಗ ಕರ್ಕೊಳ್ಳೋಣ."

ಅವನು ಅವಳ ಮುಖವನ್ನೂ ದಡದ ಮೇಲಿನ ಬೆನ್ನನ್ನೂ ನೋಡಿದ. "ಮೂವತ್ತು ವರ್ಷದಿಂದ ದೋಣಿ ನಡೆಸ್ತಿದ್ದೀನಿ. ಗಂಡನ್ನ ಹಸು ಹತ್ರ ಬಿಟ್ಟು ಹೋಗೋ ಹೆಂಗಸನ್ನ ಇವತ್ತೇ ನೋಡಿದ್ದು."

"ನಡಿ," ಅಂದಳು ಆರ್ಡಿಸ್. ಹಸುಗಳಿಗೆ ಹೇಳುವ ಅದೇ ಮಾತಿನಲ್ಲಿ. ಅವನು ಗಳ ಊರಿದ.

ದೋಣಿ ಹತ್ತು ಮಾರು ಸರಿದ ಮೇಲೆ ಅವಳು ಹಿಂತಿರುಗಿ ನೋಡಿದಳು. ಆಗ ಕಂಡದ್ದು ಹಸುವಿನ ಮುಂದಿದ್ದ ಮೇವು. ಒಣಗಿದ ಜೋಳದ ದಂಟು, ಅದೂ ಒಂದು ಹಿಡಿ. ತೋಟದಲ್ಲಿ ಹಸಿರು ಹುಲ್ಲು ಮೊಣಕಾಲೆತ್ತರ ಬೆಳೆದಿದ್ದರೂ ಹಗ್ಗವನ್ನು ಅದು ಸಿಗದಷ್ಟು ಗಿಡ್ಡವಾಗಿ ಕಟ್ಟಿದ್ದರು. ಆರ್ಡಿಸ್‌ಗೆ ಥಟ್ಟನೆ ತಿಳಿಯಿತು. ಹಾಲು ಬತ್ತಿಸುತ್ತಿದ್ದಾರೆ. ಗಬ್ಬದ ಹಸು ಈಯುವುದಕ್ಕೆ ಎರಡು ತಿಂಗಳ ಮೊದಲು ಕರೆಯುವುದನ್ನು ನಿಲ್ಲಿಸಿ, ಮೇವು ಕಡಿಮೆ ಮಾಡಿ, ಕೆಚ್ಚಲಿಗೆ ಬಿಡುವು ಕೊಡಬೇಕು. ಮೊದಲ ಕೆಲವು ದಿನ ಅದು ಕೂಗುತ್ತದೆ. ಕೂಗಿದರೂ ಮುಟ್ಟಬಾರದು. ಮುಟ್ಟಿದರೆ ಹಾಲು ಮತ್ತೆ ಇಳಿಯುತ್ತದೆ, ಪಟ್ಟ ಸಂಕಟವೆಲ್ಲ ನೀರುಪಾಲು.

"ಡೆಲ್ಮರ್!" ಅವಳು ಕೂಗಿದಳು. "ಅದರ ಮುಂದೆ ಏನಿದೆ ನೋಡು!"

ಅವನು ತಿರುಗದೆ ಒಂದು ಕೈಯೆತ್ತಿ ಬೀಸಿದ, ಕೊಟ್ಟಿಗೆಯಿಂದ ಊಟಕ್ಕೆ ಕರೆದಾಗ ಬೀಸುತ್ತಿದ್ದ ಹಾಗೆ. ದೋಣಿ ತಿರುವು ದಾಟಿತು.

ಆಮೇಲಿನ ಹೊತ್ತು ಸುಲಭವಾಗಿರಲಿಲ್ಲ. ಆರ್ಡಿಸ್ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತಳು. ಎದೆಯಲ್ಲಿ ಏನೋ ಮರೆತು ಬಂದವಳ ಗಾಬರಿ. ಬಾಗಿಲು ಹಾಕಲಿಲ್ಲ, ನೀರು ಬಿಡಲಿಲ್ಲ, ಯಾರೋ ಕಾಯುತ್ತಿದ್ದಾರೆ. ಯಾರೂ ಕಾಯುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿದಷ್ಟಕ್ಕೆ ಹೋಗುವ ಗಾಬರಿಯಲ್ಲ ಅದು. ಫಿದೆನ್ಸಿಯೋಗೆ ತಿರುಗಿಸು ಎನ್ನಲು ಎರಡು ಸಲ ಬಾಯಿಯವರೆಗೆ ಮಾತು ಬಂತು. ಎರಡು ಸಲವೂ ಹಲ್ಲು ಕಚ್ಚಿ ನುಂಗಿದಳು. ಬಿಳಿಯ ಕೊಕ್ಕರೆಗಳು ಮರಗಳಿಗೆ ಬಂದು ಕೂರುತ್ತಿದ್ದವು. ನೀರಿನ ಬಣ್ಣ ಹಸಿರಿನಿಂದ ತಾಮ್ರಕ್ಕೆ, ತಾಮ್ರದಿಂದ ಸೀಸಕ್ಕೆ ತಿರುಗಿತು. ಒಬ್ಬ ಹೆಂಗಸು ಸಣ್ಣ ದೋಣಿಯಲ್ಲಿ ಒಲೆಯಿಟ್ಟುಕೊಂಡು ಬಂದು ಸುಟ್ಟ ಜೋಳದ ತೆನೆ ಕೊಟ್ಟಳು. ಖಾರದ ಪುಡಿ, ನಿಂಬೆ ಹಚ್ಚಿದ ತೆನೆ. ಅದನ್ನು ಹಿಡಿಯಲು ಕೈ ಹೊರತೆಗೆಯಬೇಕಾಯಿತು. ಒಂದು ತುತ್ತಿಗೇ ಕಣ್ಣು ಮೂಗು ಎರಡರಲ್ಲೂ ನೀರು.

"ಅಳ್ತಿದ್ದೀರಾ ಸೆನ್ಯೋರಾ?"

"ಖಾರ," ಅಂದಳು. ನಿಜವಾಗಿಯೂ ಖಾರವೇ.

ತೆನೆ ಅರ್ಧ ಮುಗಿದಾಗ ಮೊದಲ ದೀಪ ಕಂಡಿತು. ಮಾರಿಸೆಲಾ ಹೇಳಿದ್ದು ಸುಳ್ಳಲ್ಲ. ದೋಣಿ ಕಾಣಲಿಲ್ಲ. ಕಾಗದದ ಲಾಟೀನುಗಳ ಒಂದು ಸಾಲು ನೀರಿನ ಮೇಲೆ ತಾನಾಗಿ ತೇಲುತ್ತಾ ಬಂತು. ಅದರ ಕೆಳಗೆ ಅಂಥದೇ ಇನ್ನೊಂದು ಸಾಲು ತಲೆಕೆಳಗಾಗಿ ನಡುಗುತ್ತಿತ್ತು. ಹತ್ತಿರ ಬಂದಾಗ ಯಾರೋ ಅಜ್ಜಿಯ ಹುಟ್ಟುಹಬ್ಬ, ಮಕ್ಕಳು ಮೊಮ್ಮಕ್ಕಳು ಸೇರಿ ಹಾಡುತ್ತಿದ್ದರು. ಅಜ್ಜಿ ಆರ್ಡಿಸ್‌ಳನ್ನು ನೋಡಿ ಕೈಯೆತ್ತಿದಳು. ಆರ್ಡಿಸ್ ತೆನೆ ಹಿಡಿದ ಕೈಯನ್ನೇ ಎತ್ತಿದಳು. ಅವರು ದಾಟಿ ಹೋದ ಮೇಲೆ ಅವಳಿಗೆ ಗೊತ್ತಾಯಿತು, ಹೊತ್ತು ಕಳೆದುಹೋಗಿದೆ. ಅಂಗೈ ಕಡಿಯುತ್ತಿಲ್ಲ. ಯಾವಾಗ ನಿಂತಿತೋ ತಿಳಿಯಲೇ ಇಲ್ಲ.

ಇದನ್ನು ಅವನೂ ನೋಡಬೇಕಿತ್ತು ಅನ್ನಿಸಿತು. ಆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಆದರೂ ವಾಪಸು ತಿರುಗಿಸು ಎಂದು ಹೇಳಿದ್ದು ದೀಪಗಳನ್ನು ಕಣ್ಣು ತುಂಬ ನೋಡಿದ ಮೇಲೆಯೇ.

ತೋಟದ ಹತ್ತಿರ ಬರುವಾಗ ಹೆಂಗಸೊಬ್ಬಳ ದನಿ ನೀರಿನ ಮೇಲೆ ಜೋರಾಗಿ ಬರುತ್ತಿತ್ತು. ಕೈಯಲ್ಲಿ ಟಾರ್ಚು, ಸೊಂಟಕ್ಕೆ ಏಪ್ರನ್, ಗಟ್ಟಿಮುಟ್ಟಾದ ಹೆಂಗಸು. ಡೆಲ್ಮರ್ ಬೋರಲು ಬಕೆಟ್ಟಿನ ಮೇಲೆ ಟೋಪಿ ಕೈಯಲ್ಲಿ ಹಿಡಿದು, ಶಾಲೆಯಲ್ಲಿ ಮೇಷ್ಟರ ಕೈಗೆ ಸಿಕ್ಕಿಬಿದ್ದ ಹುಡುಗನ ಹಾಗೆ ಕೂತಿದ್ದ.

"ಹಸಿಂತಾ, ಏನಾಯ್ತೇ?" ಫಿದೆನ್ಸಿಯೋ ಕೇಳಿದ.

"ಏನಾಯ್ತಾ? ಹಾಲು ಬತ್ತಿಸೋಕೆ ಕಟ್ಟಿದ್ದೆ ಕಣೋ! ಮೂರು ದಿನದಿಂದ ಹತ್ತಿ ತುರುಕಿಕೊಂಡು ಮಲಗ್ತಿದ್ದೀನಿ ಕಿವಿಗೆ. ಈ ಬಿಳಿಯಪ್ಪ ಎಲ್ಲಿಂದಲೋ ಬಂದು ಒಂದು ತೊಟ್ಟು ಬಿಡದೆ ಹಿಂಡಿ ಕೂತಿದ್ದಾನೆ! ಇನ್ನು ಮೊದಲಿಂದ ಶುರು ನನ್ನ ಗೋಳು." ಟಾರ್ಚು ಆರ್ಡಿಸ್‌ಳ ಮುಖಕ್ಕೆ ತಿರುಗಿತು. "ನಿನ್ನ ಗಂಡನೇನಮ್ಮ ಇವನು?"

ಎಲ್ಲ ಮಾತು ತಿಳಿಯದಿದ್ದರೂ ಬತ್ತಿಸುವ ಮಾತು ಆರ್ಡಿಸ್‌ಗೆ ತಿಳಿದಿತ್ತು, ಅದು ಕೊಟ್ಟಿಗೆಯ ಮಾತು. "ನನ್ನವನೇ. ತಪ್ಪಾಯ್ತು," ಅಂದಳು. "ನಮಗೂ ಹಸು ಇದ್ವು. ಈಗ ಇಲ್ಲ."

ಹಸಿಂತಾ ಇಬ್ಬರನ್ನೂ ಒಂದು ಸಲ ನೋಡಿದಳು. ಟಾರ್ಚು ಕೆಳಗಿಳಿಸಿದಳು. "ಕರೀತಾನೆ ಮಾತ್ರ ಚೆನ್ನಾಗಿ," ಎಂದು ಗೊಣಗಿದಳು. "ಅಪರಿಚಿತರನ್ನ ಹತ್ರ ಸೇರಿಸೋದಲ್ಲ ಇದು. ಒಂದು ಹೆಜ್ಜೆ ಕದಲಿಲ್ಲ. ಕರ್ಕೊಂಡು ಹೋಗು ತಾಯಿ, ಇನ್ನೊಂದು ಹಸು ಕಣ್ಣಿಗೆ ಬೀಳೋಕೆ ಮುಂಚೆ."

ದೋಣಿ ಹತ್ತುವಾಗ ಅವನ ಮೊಣಕಾಲು ಸಹಕರಿಸಲಿಲ್ಲ. ಫಿದೆನ್ಸಿಯೋ, ಆರ್ಡಿಸ್ ಇಬ್ಬರೂ ಹಿಡಿದು ಎಳೆದುಕೊಳ್ಳಬೇಕಾಯಿತು. ಡೆಲ್ಮರ್ ಕೂತ. ಅವನ ಕೈಗಳಿಂದ ಹಾಲಿನ ವಾಸನೆ ಬರುತ್ತಿತ್ತು. ಫಿದೆನ್ಸಿಯೋ ಗಳ ಊರಿ ದೋಣಿಯನ್ನು ದಡದಿಂದ ಬಿಡಿಸಿದ.

"ನನ್ನ ಬಿಟ್ಟು ಹೋದೆ," ಅಂದ ಡೆಲ್ಮರ್.

"ಹೋದೆ."

"ನೀನು ಕೂಗಿದ್ದು ಕೇಳಿಸ್ತು."

"ಕೇಳಿಸ್ತಾ?"

"ದಂಟೂ ಕಾಣಿಸ್ತು. ಕೂತ ಮೇಲೆ ನೋಡ್ದೆ. ಬತ್ತಿಸ್ತಿದ್ದಾರೆ ಅಂತ ಗೊತ್ತಾಯ್ತು." ಅವನು ಅಂಗೈಗಳನ್ನು ತಿರುವಿ ನೋಡಿಕೊಂಡ. "ಗೊತ್ತಾದ ಮೇಲೂ ಕೈ ನಿಲ್ಲಲಿಲ್ಲ ಆರ್ಡಿಸ್. ನಿಲ್ಲಿಸೋಣ ಅಂತೀನಿ, ನಿಲ್ತಾ ಇಲ್ಲ. ನಮ್ಮಪ್ಪನ ಕೊಟ್ಟಿಗೇಲಿ ಹುಡುಗ ಆಗಿದ್ದಾಗಲೂ ಇಂಥ ಕೆಲಸ ಮಾಡಿರಲಿಲ್ಲ ನಾನು. ಪಾಪ, ಅದಕ್ಕೆ ಇನ್ನೂ ಮೂರು ದಿನ ಜಾಸ್ತಿ ನೋವು ಕೊಟ್ಟೆ."

ಆರ್ಡಿಸ್ ಉಳಿದಿದ್ದ ತೆನೆಯನ್ನು ಅವನ ಕೈಗಿಟ್ಟಳು. ಅವನು ನೋಡದೆ ಕಚ್ಚಿ, ಖಾರಕ್ಕೆ ಕೆಮ್ಮಿದ.

"ಬತ್ತಿಸೋವಾಗ ಅದರ ಕಣ್ಣಿಗೇ ಬೀಳಬೇಡ ಅಂತಿದ್ದೆ ನೀನು ನನಗೆ," ಅವಳು ಅಂದಳು. "ಕೊಟ್ಟಿಗೆ ಕಡೆ ಹೋಗ್ಲೂ ಬಿಡ್ತಿರಲಿಲ್ಲ."

"ಹೌದು."

"ಹನ್ನೆರಡು ಕಡಸು ತಂದು ಕಟ್ಟಿದ್ರೆ ನಾವು ಹೋಗ್ದೆ ಇರ್ತೀವಾ? ನಾನೂ ಕೂತ್ಕೊಂಡ್ಬಿಡ್ತೀನಿ ಡೆಲ್ಮರ್. ಇವತ್ತೇ ಎದ್ದಿದ್ದೆ, ಗೊತ್ತಾ? ನಿನ್ನ ಪಕ್ಕ ಬಂದು ಕೂರೋಕೆ. ಕೂತ್ರೆ ಇನ್ನು ಸಾಯೋವರೆಗೂ ಏಳಲ್ಲ. ಅದಕ್ಕೇ ಬೇಡ ಅನ್ನೋದು. ನೀನು ತಂದ್ರೆ ನೀನೇ ನೋಡ್ಕೋ, ನಾನು ಕೊಟ್ಟಿಗೆ ಬಾಗಿಲು ದಾಟಲ್ಲ."

ಅವನು ತೆನೆಯ ಖಾಲಿ ದಿಂಡನ್ನು ಬೆರಳುಗಳ ನಡುವೆ ಉರುಳಿಸುತ್ತಿದ್ದ. "ಎಷ್ಟು ದಿನ ಕೂಗ್ತೀನೋ ನಾನು," ಅಂದ. ತಮಾಷೆಗೆ ಅಂದದ್ದು, ಆದರೆ ಪೂರ್ತಿ ತಮಾಷೆಯಾಗಲಿಲ್ಲ.

"ಕೂಗು. ನಾನು ಕಿವಿಗೆ ಹತ್ತಿ ಇಟ್ಕೋತೀನಿ."

ಅವನ ಭುಜ ಅಲುಗಿತು. ನಗುತ್ತಿದ್ದಾನೆ ಎಂದು ತಿಳಿಯಲು ಅವಳಿಗೆ ಒಂದು ಕ್ಷಣ ಹಿಡಿಯಿತು.

"ಆರ್ವಿಲ್‌ಗೆ ನಾಳೆ ಹೇಳ್ತೀನಿ ಹಂಗಾದ್ರೆ."

"ಈಗ ಹೇಳು."

"ಕೊಟ್ಟಿಗೇಲಿರ್ತಾನೆ."

"ಮುಗಿಸಿ ಬಂದಿರ್ತಾನೆ. ಹೊತ್ತು ಮುಗಿದಿದೆ, ನೋಡಲ್ಲಿ."

ಅವನು ಸುತ್ತ ನೋಡಿದ. ಮರಗಳು ಕಾಣಿಸದಷ್ಟು ಕತ್ತಲಾಗಿತ್ತು. ಕಾಲುವೆಯ ಆ ತುದಿಯಿಂದ ಎರಡು ಸಾಲು ದೀಪಗಳು ತೇಲಿಕೊಂಡು ಬರುತ್ತಿದ್ದವು. ಡೆಲ್ಮರ್ ಟೋಪಿ ಹಿಂದೆ ಸರಿಸಿ ಅವು ಸಮೀಪಿಸುವವರೆಗೂ ನೋಡಿದ, ಬಾಯಿ ಸ್ವಲ್ಪ ತೆರೆದಿತ್ತು. ಆಮೇಲೆ ಜೇಬಿನಿಂದ ಫೋನು ತೆಗೆದ.

ಅವರ ಕಡೆಯ ಗಂಡಸರು ನೇರವಾಗಿ ವಿಷಯಕ್ಕೆ ಬರುವವರಲ್ಲ. ಮೊದಲು ಹವೆ. ಹ್ಞಾಂ, ಇಲ್ಲಿ ಬೆಚ್ಚಗಿದೆ. ಅಲ್ಲಿ ಹಿಮ ಶುರುವಾಯ್ತಾ? ಎಷ್ಟು? ಅಷ್ಟೇನಾ. ಆಮೇಲೆ ಜೋಳದ ಕಟಾವು, ಆರ್ವಿಲ್‌ನ ಟ್ರಾಕ್ಟರಿನ ಗೇರು. ಆರ್ಡಿಸ್ ಅವನ ಕಡೆ ನೋಡದೆ ಕೂತಳು. ಅವಸರ ಮಾಡಲಿಲ್ಲ. ಗೇರಿನ ವಿಷಯ ಮುಗಿದ ಮೇಲೆ ಒಂದು ಬಿಡುವು ಬಂತು.

"ಆ ಕಡಸುಗಳು ಆರ್ವಿಲ್," ಡೆಲ್ಮರ್ ಅಂದ. "ಬೇರೆ ಯಾರಿಗಾದ್ರೂ ನೋಡು. ಇಲ್ಲ, ರೇಟಿನ ವಿಷಯ ಅಲ್ಲ. ನಾವು ಬಿಟ್ವಿ."

ಫೋನು ಜೇಬಿಗೆ ಹಾಕಿಕೊಂಡ ಮೇಲೆ ಅವನ ಕೈಗಳಿಗೆ ಕೆಲಸವಿಲ್ಲದಂತಾಯಿತು. ಮೊಣಕಾಲುಗಳ ಮೇಲೆ ಇಟ್ಟುಕೊಂಡ, ತೆಗೆದ, ಮತ್ತೆ ಇಟ್ಟ. ಸರಿಹೋಗುವುದಕ್ಕೆ ದಿನಗಳು ಬೇಕು ಎಂದು ಆರ್ಡಿಸ್‌ಗೆ ಗೊತ್ತಿತ್ತು. ಊರಿಗೆ ಹೋದ ಮೇಲೆ ಖಾಲಿ ಕೊಟ್ಟಿಗೆ ಕಿಟಕಿಯ ಎದುರಿಗೇ ಇರುತ್ತದೆ. ದಿನದಿನವೂ ಮಧ್ಯಾಹ್ನ ಇಳಿಯುತ್ತದೆ, ದಿನದಿನವೂ ಇಬ್ಬರ ಮೈಯೂ ಏಳುತ್ತದೆ.

"ನಾಡಿದ್ದು ಆ ಹೊತ್ತಿಗೆ ಕೋಟು ಹಾಕ್ಕೊಂಡು ಕಾರು ತೆಗಿ," ಅಂದಳು.

"ಎಲ್ಲಿಗೆ?"

"ಗೊತ್ತಿಲ್ಲ. ಕಿರ್ಸ್ಟನ್ ಮನೆಗೆ ಹೋಗೋಣ. ಅವಳಿಗೆ ಒಂದು ಪೋಲ್ಕಾ ಬಾಕಿ ಇದೆ."

"ನನ್ನ ಮೊಣಕಾಲು?"

"ನಿನ್ನ ಜೊತೆ ಯಾರು ಕುಣೀತಾರೆ? ನೀನು ಕೂತು ನೋಡು."

ಫಿದೆನ್ಸಿಯೋ ಗಳವನ್ನು ನೀರಿನಿಂದ ಎತ್ತಿ ಹಿಡಿದು, ದಡಕ್ಕೆ ಹೋಗೋಣವೇ ಎಂದು ಕೇಳಿದ. ಆರ್ಡಿಸ್ ತನ್ನ ಕೊಟ್ಟಿಗೆಯ ಸ್ಪ್ಯಾನಿಷ್‌ನಲ್ಲಿ, ಇಲ್ಲ, ಇನ್ನೂ ಸ್ವಲ್ಪ ನಿಲ್ಲು, ನನ್ನ ಬಂಗಾರಿ, ಎಂದು ಹೇಳಿ ದೀಪಗಳ ಕಡೆ ತಿರುಗಿ ಕೂತಳು.